ನೂರು ಪ್ರತಿಯೋ, ಸಾವಿರ ಪ್ರತಿಯೋ, ಒಂದೊಂದೇ ಪ್ರತಿಯೋ? ನಮ್ಮ ಕಡೆಯ ಬರಹಗಾರರಿಗೆ ಒಂದು ಹೋಲಿಕೆ

ಹೋದ ಮಳೆಗಾಲದಲ್ಲಿ ಕುಮಟಾ ಕಡೆಯ ಒಬ್ಬ ನಿವೃತ್ತ ಅಕ್ಕೋರು ಶಿರಸಿಯ ನನ್ನ ಡಿಟಿಪಿ ಅಂಗಡಿಗೆ ಬಂದಿದ್ದರು. ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ಸೀರೆಯ ಅಂಚು ಪೂರ್ತಿ ಒದ್ದೆ. ಆದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಮೂರು ನೋಟ್‌ಬುಕ್ಕಿಗೆ ಒಂದು ಹನಿಯೂ ತಾಗಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಕತೆಗಳನ್ನೆಲ್ಲ ನಿವೃತ್ತಿಯಾದ ಮೇಲೆ ಕುಳಿತು ಬರೆದಿದ್ದರು. ಮೇಜಿನ ಮೇಲೆ ಇಟ್ಟವರೇ ಕೇಳಿದರು: "ತಮಾ, ಎಷ್ಟು ಪ್ರತಿ ಮಾಡ್ಸವು?"

ತುಂಬಾ ಜನ ಮೊದಲು ಕೇಳುವುದು ಎಷ್ಟು ಖರ್ಚಾಗುತ್ತದೆ ಅಂತ. ಅಕ್ಕೋರ ಪ್ರಶ್ನೆಯೇ ಸರಿಯಾದದ್ದು. ಎಷ್ಟು ಪ್ರತಿ ಎನ್ನುವುದು ಗೊತ್ತಾದರೆ ಎಲ್ಲಿ, ಹೇಗೆ, ಎಷ್ಟಕ್ಕೆ ಎನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ. ಅದಕ್ಕೇ ನಾನು ಅವರ ಕೈಗೆ ಒಂದು ಹಾಳೆ, ಪೆನ್ನು ಕೊಟ್ಟೆ. ನಿಮ್ಮ ಪುಸ್ತಕವನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುವವರ ಹೆಸರು ಬರೆಯಿರಿ, ಹೆಸರಿನ ಮುಂದೆ ಊರು ಬರೆಯಿರಿ ಎಂದೆ. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಈ ಪಟ್ಟಿ ಇಲ್ಲದೆ ಯಾವ ಪ್ರೆಸ್ಸಿಗೂ ಫೋನ್ ಮಾಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸಿದ್ದಾಪುರದ ಹತ್ತಿರ ಒಂದು ಮನೆಯ ಅಟ್ಟ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಆ ಮನೆಯವರು ಸಾವಿರ ಪ್ರತಿ ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಮಷಿನ್ನಿನಲ್ಲಿ, ಮಾಡಿಸಿದ್ದರು. ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಎರಡು ಮಳೆಗಾಲ ಕಳೆದ ಮೇಲೆ ಒಮ್ಮೆ ಹೋದಾಗ ಅಟ್ಟ ಹತ್ತಿಸಿ ತೋರಿಸಿದರು. ಅಡಿಕೆ ಚೀಲಗಳ ಪಕ್ಕ ರಟ್ಟಿನ ಪೆಟ್ಟಿಗೆಗಳು. ಮೇಲಿನದನ್ನು ಎತ್ತಿದೆ, ಸರಿ ಇತ್ತು. ಕೆಳಗಿನದನ್ನು ಎತ್ತಿದರೆ ತಳ ಅಲ್ಲೇ ಉಳಿಯಿತು, ಪುಸ್ತಕಗಳು ಜಾರಿ ಬಿದ್ದವು. ಗೋಡೆಯಿಂದ ಪೆಟ್ಟಿಗೆಯ ಮೂಲೆಗೆ ಒರಲೆ ಮಣ್ಣಿನ ದಾರಿ ಕಟ್ಟಿತ್ತು. ಮುಖಪುಟದ ಲ್ಯಾಮಿನೇಷನ್ ಅಂಚಿನಲ್ಲಿ ಎದ್ದು ಸುರುಳಿಯಾಗಿತ್ತು. ಒಳಗಿನ ಹಾಳೆ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು. ಅವರು ಒಂದು ಪ್ರತಿ ಎತ್ತಿಕೊಂಡು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು, ಏನೂ ಮಾತಾಡಲಿಲ್ಲ. ಅವರ ಬರಹ ಚೆನ್ನಾಗಿತ್ತು. ಪ್ರತಿಯ ಲೆಕ್ಕ ಮಾತ್ರ ತಪ್ಪಿತ್ತು.

ಈಗ ದಾರಿಗಳನ್ನು ನೋಡೋಣ.

ಹಳೆಯ ದಾರಿ ಆಫ್‌ಸೆಟ್. ಹುಬ್ಬಳ್ಳಿ, ಗದಗ, ಬೆಂಗಳೂರಿನ ಪ್ರೆಸ್ಸುಗಳಿಗೆ ನಮ್ಮ ಕಡೆಯವರು ಮೊದಲಿಂದಲೂ ಹೋಗುತ್ತಾರೆ. ಗದಗ ಅಂದರೆ ಪ್ರೆಸ್ಸುಗಳ ಊರೇ. ಡೆಮಿ 1/8 ಅಳತೆಯಲ್ಲಿ (ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರದ ಪುಸ್ತಕ) ಒಂದು ಫಾರಂ, ಅಂದರೆ ಮಡಚಿ ಪುಟ ಮಾಡುವ ಒಂದು ದೊಡ್ಡ ಹಾಳೆಯಲ್ಲಿ, 16 ಪುಟ. 160 ಪುಟದ ಪುಸ್ತಕಕ್ಕೆ ಹತ್ತು ಫಾರಂ. ಪ್ರತಿ ಫಾರಮ್ಮಿಗೂ ಪ್ಲೇಟ್ ಮಾಡಬೇಕು, ಮಷಿನ್ನಿಗೆ ಕೂರಿಸಬೇಕು, ಶಾಯಿ ಹದ ಮಾಡಬೇಕು. ಬಣ್ಣದ ಮುಖಪುಟಕ್ಕೆ ಬೇರೆಯೇ ನಾಲ್ಕು ಪ್ಲೇಟ್. ಈ ಕೆಲಸ ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಹಾಗಾಗಿ ಪ್ರತಿ ಜಾಸ್ತಿಯಾದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ. ಕನ್ನಡ ಪುಸ್ತಕಗಳ ಎರಡನೇ ಪುಟದಲ್ಲಿ "ಪ್ರತಿಗಳು: 1000" ಎಂದು ಅಷ್ಟೊಂದು ಕಡೆ ಕಾಣುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಡಿಜಿಟಲ್ ಮುದ್ರಣದಲ್ಲಿ ಒಮ್ಮೆಗೆ ಸ್ವಲ್ಪ ಪ್ರತಿ. ಪ್ಲೇಟ್ ಇಲ್ಲ. ಫೈಲಿನಿಂದ ನೇರ ಕಾಗದಕ್ಕೆ. ಐವತ್ತು, ನೂರು, ಇನ್ನೂರು, ಎಷ್ಟು ಬೇಕೋ ಅಷ್ಟು. ಒಂದು ಪ್ರತಿಯ ಖರ್ಚು ಹೆಚ್ಚುಕಮ್ಮಿ ಒಂದೇ ಇರುತ್ತದೆ.

ಮೂರನೆಯದು ಈಗ ಎಲ್ಲರೂ ಕೇಳುವ ಪ್ರಿಂಟ್ ಆನ್ ಡಿಮ್ಯಾಂಡ್, ಅಂದರೆ ಬೇಡಿಕೆ ಬಂದಾಗ ಅಚ್ಚು. ನೀವು ಪಿಡಿಎಫ್ ಕೊಡುತ್ತೀರಿ, ಅದು ಅವರ ಜಾಲತಾಣದಲ್ಲಿ ಕುಳಿತಿರುತ್ತದೆ. ಧಾರವಾಡದಲ್ಲಿರುವ ಯಾರೋ ದುಡ್ಡು ಕಟ್ಟಿದ ಮೇಲೆಯೇ ಒಂದು ಪ್ರತಿ ಅಚ್ಚಾಗಿ, ಬೈಂಡಾಗಿ, ಕೊರಿಯರ್ ಆಗುತ್ತದೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ ಈ ಕೆಲಸವನ್ನು 2008ರಿಂದ ಮಾಡುತ್ತಿದೆ. ಚೆನ್ನೈನ ನೋಷನ್ ಪ್ರೆಸ್ 2012ರಲ್ಲಿ ಶುರುವಾದದ್ದು. ಎರಡರಲ್ಲೂ ಫೈಲನ್ನು ನೀವೇ ಸಿದ್ಧ ಮಾಡಿ ಏರಿಸಿದರೆ ಮೊದಲೇ ದುಡ್ಡು ಕಟ್ಟದೆ ಪುಸ್ತಕ ಮಾರಾಟಕ್ಕೆ ಇಡಬಹುದು. ದುಡ್ಡು ಕೊಟ್ಟು ಪಡೆಯುವ ಸೇವೆಗಳೂ ಇವೆ.

ಅಟ್ಟ ಬೇಡ, ಒರಲೆ ಇಲ್ಲ, ಪ್ಯಾಕಿಂಗ್ ಮಾಡಿ ಅಂಚೆ ಕಚೇರಿಗೆ ಓಡುವ ಕೆಲಸ ಇಲ್ಲ. ಕೇಳಲು ಇದೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ ಆಮೇಲೆ ಹೇಳಿ. ನಾನು ಕೆಳಗೆ ಹಾಕುವ ಅಂಕಿಗಳು ಲೆಕ್ಕ ಹೇಗೆ ಮಾಡಬೇಕು ಎಂದು ತೋರಿಸಲು ಮಾತ್ರ. ನಿಮಗೆ ಸಿಕ್ಕ ದರವನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಆಫ್‌ಸೆಟ್‌ನಲ್ಲಿ ಪ್ಲೇಟು, ಮಷಿನ್ ಎಲ್ಲ ಸೇರಿ ಮೊದಲ ಖರ್ಚು 24,000 ರೂಪಾಯಿ, ಆಮೇಲೆ ಕಾಗದ, ಬೈಂಡಿಂಗ್ ಸೇರಿ ಪ್ರತಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಡಿಜಿಟಲ್‌ನಲ್ಲಿ ಪ್ರತಿಗೆ 100 ರೂಪಾಯಿ. 200 ಪ್ರತಿಗೆ ಆಫ್‌ಸೆಟ್ 32,000, ಡಿಜಿಟಲ್ 20,000. 400 ಪ್ರತಿಗೆ ಎರಡೂ 40,000, ಅಲ್ಲಿ ಸಮ. 1000 ಪ್ರತಿಗೆ ಆಫ್‌ಸೆಟ್ 64,000, ಡಿಜಿಟಲ್ ಒಂದು ಲಕ್ಷ. ಸಾವಿರ ಮಾಡಿಸಿದರೆ ಪ್ರತಿಗೆ 64 ರೂಪಾಯಿ ಅಷ್ಟೇ ಬಿತ್ತು ಎಂದು ಖುಷಿಯಾಗುತ್ತದೆ. ಆದರೆ ಹೋಗಿದ್ದು 300 ಪ್ರತಿ ಮಾತ್ರ ಆದರೆ? 64,000ವನ್ನು 300ರಿಂದ ಭಾಗಿಸಿ. ಮಾರಿದ ಒಂದೊಂದು ಪ್ರತಿಗೂ 213 ರೂಪಾಯಿ ಬಿದ್ದಂತಾಯಿತು. ಅಚ್ಚಾದ ಪ್ರತಿಯಿಂದ ಭಾಗಿಸಬೇಡಿ, ಮಾರಾಟವಾಗುವ ಪ್ರತಿಯಿಂದ ಭಾಗಿಸಿ. ಪ್ರೆಸ್ಸಿನವರು ಕೊಡುವ ಕೊಟೇಷನ್ನಿನಲ್ಲಿ ಈ ಸಾಲು ಇರುವುದಿಲ್ಲ.

ಬೇಡಿಕೆಯ ಅಚ್ಚಿಗೆ ಇದೇ ಪುಸ್ತಕದ ಮುದ್ರಣ ಖರ್ಚು 130 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಮಾರುವವರ ಪಾಲು, ನಿಮ್ಮ ಪಾಲು. ಬೆಲೆ 200, 220 ಇಡಲೇಬೇಕಾಗುತ್ತದೆ. ಓದುಗರು ಕೊರಿಯರ್ ಖರ್ಚನ್ನೂ ಸೇರಿಸಿ ಕೊಡಬೇಕು. 160 ಪುಟದ ಕತೆಯ ಪುಸ್ತಕಕ್ಕೆ ಅಷ್ಟು ಕೊಡುವವರು ಯಾರು? ನಿಮ್ಮನ್ನು ಬಲ್ಲವರು, ನಿಮ್ಮ ವಿಷಯವೇ ಬೇಕಾದವರು. ಅಂಗಡಿಯಲ್ಲಿ ತಿರುವಿ ನೋಡಿ ಒಯ್ಯುವವರಲ್ಲ. ಅಂಗಡಿಗೆ ಇಡಲು ಹೋದರೆ ಅವರೂ ಮುಖಬೆಲೆಯಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕೇಳುತ್ತಾರೆ. ಬೇಡಿಕೆಯ ಅಚ್ಚಿನ ಪ್ರತಿಯಲ್ಲಿ ಅಷ್ಟು ಬಿಟ್ಟುಕೊಡಲು ಜಾಗವೇ ಇರುವುದಿಲ್ಲ.

ಇನ್ನೊಂದು ವಿಷಯ ನಮ್ಮ ಉತ್ತರ ಕನ್ನಡ ಜಿಲ್ಲೆಗೇ ಸೇರಿದ್ದು. ನಮ್ಮಲ್ಲಿ ಪುಸ್ತಕ ಮಾರಾಟವಾಗುವುದು ಕೈಯಿಂದ ಕೈಗೆ. ಬಿಡುಗಡೆಯ ದಿನ, ತಾಳಮದ್ದಳೆಯ ದಿನ, ಮದುವೆ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ. ಅಲ್ಲಿ ಪುಸ್ತಕ ಮೇಜಿನ ಮೇಲೆ ಇರಬೇಕು. ಸಭೆ ಮುಗಿದು ಜನ ಚಹಾ ಕುಡಿಯುತ್ತಾ ನಿಂತಿರುವಾಗ ಆನ್‌ಲೈನಿನಲ್ಲಿ ತರಿಸಿಕೊಳ್ಳಿ ಎಂದರೆ ಆಯ್ತು ಎನ್ನುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ಹತ್ತು ಮನೆಗೆ ಒಂದು ರಸ್ತೆ ಇರುವ ಊರಿಗೆ ಕೊರಿಯರ್‌ನವರು ಬರುವುದೂ ಇಲ್ಲ. ಪೇಟೆಗೆ ಬಂದು ತಗೊಂಡು ಹೋಗಿ ಎಂದು ಫೋನ್ ಮಾಡುತ್ತಾರೆ. ಹಾಗಾಗಿ ಊರಿನ ಓದುಗರಿಗೆ ಬೇಡಿಕೆಯ ಅಚ್ಚು ಆಗಿಬರುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಬೇಕಾಗುವುದು ಊರು ಬಿಟ್ಟು ಹೋದವರಿಗೆ. ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ, ನೆಂಟರಿಗೆ, ಎರಡು ವರ್ಷದ ನಂತರ ಯಾರೋ ಹೇಳಿದ್ದು ಕೇಳಿ ಪುಸ್ತಕ ಹುಡುಕುವವರಿಗೆ. ಅಂಥವರಿಗೆ "ಪ್ರತಿಗಳು ಮುಗಿದಿವೆ" ಎಂದು ಹೇಳಬೇಕಾಗಿ ಬರುವುದಿಲ್ಲ. ಈ ಒಂದು ಕಾರಣಕ್ಕೆ ನನಗೆ ಬೇಡಿಕೆಯ ಅಚ್ಚಿನ ಮೇಲೆ ತುಂಬಾ ಗೌರವ ಇದೆ. ಎಷ್ಟೋ ಒಳ್ಳೆಯ ಪುಸ್ತಕಗಳು ಮರುಮುದ್ರಣ ಕಾಣದೆ ಒಬ್ಬಿಬ್ಬರ ಕಪಾಟಿನಲ್ಲಿ ಉಳಿದುಹೋಗಿವೆ.

ಬರಹಗಾರರು ತಾವೇ ಪುಸ್ತಕ, ಇ-ಪುಸ್ತಕ ಪ್ರಕಟಿಸುವ ಅಮೆಜಾನಿನ ಕೆಡಿಪಿ ಬಗ್ಗೆಯೂ ಕೇಳುತ್ತಾರೆ. ಅದರ ಕಾಗದದ ಪುಸ್ತಕಗಳು ಭಾರತದಲ್ಲಿ ಅಚ್ಚಾಗುವುದಿಲ್ಲ. 2016ರ ಕೊನೆಯಲ್ಲಿ ಅಮೆಜಾನಿನ ಇ-ಪುಸ್ತಕ ಓದುವ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಊರಿನ ಓದುಗರನ್ನು ನೆಚ್ಚಿಕೊಂಡ ಕನ್ನಡದ ಬರಹಗಾರರು ಇದರ ಹಿಂದೆ ಸಮಯ ಕಳೆಯುವುದು ಬೇಡ. ಇ-ಪುಸ್ತಕ ಬೇಕು ಅನ್ನುವವರಿಗೆ 2020ರಲ್ಲಿ ಶುರುವಾದ ಮೈಲ್ಯಾಂಗ್ ಇದೆ, ಕನ್ನಡದ್ದೇ ವೇದಿಕೆ. ವಿದೇಶದಲ್ಲಿರುವ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದೇ ಸುಲಭ. ಪುಸ್ತಕದ ಬೆಲೆಗಿಂತ ಅಂಚೆ ಖರ್ಚು ಹೆಚ್ಚಾಗುವುದು ತಪ್ಪುತ್ತದೆ.

ದುಡ್ಡು ಕಟ್ಟಿಸಿಕೊಂಡು ಪುಸ್ತಕದ ಎಲ್ಲ ಕೆಲಸ ಮಾಡಿಕೊಡುವ ಪ್ಯಾಕೇಜುಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಅಂಕೋಲಾ ಕಡೆಯ ಒಬ್ಬ ಹುಡುಗ, ಮೊದಲ ಕವನ ಸಂಕಲನ. ಒಂದು ಸಂಸ್ಥೆಯವರು ಫೋನಿನಲ್ಲಿ ಹೊಗಳಿ, ಪ್ರಚಾರ, ವಿಮರ್ಶೆ, ಪ್ರಶಸ್ತಿ ಎಂದೆಲ್ಲ ಹೇಳಿ ದೊಡ್ಡ ಮೊತ್ತ ಕಟ್ಟಿಸಿಕೊಂಡರು. ಕೈಗೆ ಬಂದದ್ದು ಇಪ್ಪತ್ತು ಪ್ರತಿ. ಮರುಮುದ್ರಣ ಮಾಡಿಸೋಣ ಎಂದು ನನ್ನ ಹತ್ತಿರ ಬಂದ. ಪುಟ ಕಟ್ಟಿದ ಮೂಲ ಫೈಲ್ ಅವನ ಬಳಿ ಇರಲಿಲ್ಲ, ಕೇಳಿದರೆ ಕೊಡಲೂ ಇಲ್ಲ. ಮುಖಪುಟದ ಚಿತ್ರವೂ ಅವರದ್ದೇ ಅಂತೆ. ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ದುಡ್ಡು ಕಟ್ಟುವ ಮುಂಚೆ ಮೂರು ಮಾತು ಬರಹದಲ್ಲಿ ತೆಗೆದುಕೊಳ್ಳಿ: ಹಕ್ಕು ಪೂರ್ತಿ ನನ್ನದು, ಬೇರೆ ಕಡೆಯೂ ಅಚ್ಚು ಹಾಕಿಸಬಹುದು, ಮೂಲ ಫೈಲ್ ನನಗೆ ಕೊಡಬೇಕು. ಈ ಮೂರಕ್ಕೂ ಒಪ್ಪಿದರೆ ಮುಂದಿನ ಮಾತು. ಪುಟ ಕಟ್ಟುವುದು, ಕರಡು ತಿದ್ದುವುದು, ಮುಖಪುಟ, ಇವಕ್ಕೆ ದುಡ್ಡು ಕೊಡುವುದು ನ್ಯಾಯ. ಬೇಕಾದರೆ ಇವನ್ನು ಬೇರೆ ಬೇರೆಯಾಗಿ ಊರಿನಲ್ಲೇ ಮಾಡಿಸಬಹುದು.

ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯೂ ಇದಕ್ಕೆ ಸೇರಿದ ವಿಷಯವೇ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಲೇಖಕರು ತಾವೇ ಪ್ರಕಾಶಕರು ಎಂದು ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬಹುದು. ವೇದಿಕೆಯವರು ತಾವೇ ಕೊಡುತ್ತೇವೆ ಎಂದರೆ ಸುಲಭ ಅನ್ನಿಸುತ್ತದೆ, ಆದರೆ ಆಗ ಪ್ರಕಾಶಕರ ಹೆಸರು ಅವರದ್ದಾಗುತ್ತದೆ. ನಾಳೆ ಅದೇ ಪುಸ್ತಕವನ್ನು ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿದರೆ ಆ ಸಂಖ್ಯೆ ಹಾಕುವಂತಿಲ್ಲ. ನಿಮ್ಮದೇ ಸಂಖ್ಯೆ ಇದ್ದರೆ ಅದೇ ಪುಸ್ತಕ ಎಲ್ಲಿ ಅಚ್ಚಾದರೂ ನಡೆಯುತ್ತದೆ. ಇ-ಪುಸ್ತಕಕ್ಕೆ ಮಾತ್ರ ಬೇರೆ ಸಂಖ್ಯೆ ಬೇಕು. ಅರ್ಜಿಗೆ ಸಮಯ ಹಿಡಿಯುತ್ತದೆ, ಬಿಡುಗಡೆಯ ದಿನ ಗೊತ್ತು ಮಾಡುವ ಮುಂಚೆಯೇ ಹಾಕಿ.

ಇನ್ನು ಅಕ್ಷರ. ನನ್ನ ದಿನದ ಹೆಚ್ಚಿನ ಹೊತ್ತು ಹೋಗುವುದೇ ಇದರಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಊರಿನ ಪ್ರೆಸ್ಸುಗಳಿಗೆ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರ ರೂಪಗಳು ಗೊತ್ತು. ತಪ್ಪಾದರೆ ಅವರೇ ಫೋನ್ ಮಾಡುತ್ತಾರೆ. ದೂರದ ವೇದಿಕೆಯಲ್ಲಿ ನಿಮ್ಮ ಫೈಲನ್ನು ಕನ್ನಡ ಬಲ್ಲವರು ನೋಡುತ್ತಾರೆ ಎನ್ನುವ ಖಾತ್ರಿ ಇಲ್ಲ. ಒಮ್ಮೆ ನಾನು ಸಿದ್ಧ ಮಾಡಿದ ಒಂದು ಪುಸ್ತಕದ ಮಾದರಿ ಪ್ರತಿ ಬಂತು. ಕಾಗದ ಚೆನ್ನಾಗಿದೆ, ಬೈಂಡಿಂಗ್ ಗಟ್ಟಿ ಇದೆ. ಹನ್ನೆರಡನೇ ಪುಟ ತೆರೆದರೆ "ಸೂರ್ಯ" ಎಂದು ಇರಬೇಕಾದ ಕಡೆ ಅರ್ಕಾವತ್ತು ಇಲ್ಲ. ಆ ಜಾಗದಲ್ಲಿ ತಲೆಗೆ ಅಡ್ಡಗೆರೆ ಎಳೆದ ಇಂಗ್ಲಿಷ್ ಡಿ ಅಕ್ಷರದಂಥ ಒಂದು ಗುರುತು. ಮುಂದೆ "ವರ್ಷ", "ಧರ್ಮ", "ಮಾರ್ಗ", ಎಲ್ಲ ಕಡೆ ಅದೇ. ಹಳೆಯ ನುಡಿಯಲ್ಲಿ ಆ ಗುರುತಿನ ಜಾಗದಲ್ಲೇ ಅರ್ಕಾವತ್ತನ್ನು ಕೂರಿಸಿದ್ದಾರೆ. ಒಂದು ಅಧ್ಯಾಯವನ್ನು ಹಳೆಯ ನುಡಿಯಿಂದ ಹೊಸ ಫಾಂಟಿಗೆ ಪರಿವರ್ತಿಸುವಾಗ ಆ ಗುರುತು ಮಾತ್ರ ಬದಲಾಗದೆ ಹಾಗೇ ಉಳಿದಿತ್ತು. ಆ ಒಂದು ಪ್ರತಿ ತರಿಸಿ ನೋಡದೆ ಇದ್ದಿದ್ದರೆ ಅದೇ ಓದುಗರ ಕೈಗೆ ಹೋಗುತ್ತಿತ್ತು.

ಅದಕ್ಕೇ ಹೇಳುವುದು, ಹೊಸ ಪುಸ್ತಕವನ್ನು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲೇ, ಕಟ್ಟಿಸಿ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡದಂಥ ಅಕ್ಷರ ರೂಪಗಳು ಉಚಿತ, ಪುಸ್ತಕಕ್ಕೆ ಒಪ್ಪುತ್ತವೆ. ಹಳೆಯ ನುಡಿ ಫೈಲುಗಳನ್ನು ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ನೋಡಬೇಕು, ಬೇರೆ ದಾರಿ ಇಲ್ಲ. ಯೂನಿಕೋಡ್ ಇದ್ದರೆ ಅದೇ ಬರಹ ಇ-ಪುಸ್ತಕಕ್ಕೂ ಆಗುತ್ತದೆ. ಪಿಡಿಎಫ್ ಮಾಡುವಾಗ ಎಲ್ಲ ಫಾಂಟ್‌ಗಳೂ ಒಳಗೆ ಸೇರಿವೆಯೇ ಎಂದು ನೋಡಿ. ಪುಟದ ಅಳತೆಯನ್ನೂ ಮೊದಲೇ ತಾಳೆ ನೋಡಿ. ನಮ್ಮ ಡೆಮಿ 1/8 ಕತ್ತರಿಸಿದ ಮೇಲೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ ಬರುತ್ತದೆ. ನೀವು ಆರಿಸುವ ವೇದಿಕೆಯಲ್ಲಿ ಅದೇ ಅಳತೆ ಇದ್ದರೆ ಒಂದೇ ಫೈಲ್ ಎರಡು ಕಡೆಗೂ ಸಾಕು. ಒಳಪುಟಗಳ ಮಾತು ಇದು. ಮುಖಪುಟ ಮಾತ್ರ ಬೇರೆ ಬೇಕಾಗುತ್ತದೆ, ಯಾಕೆಂದರೆ ಕಾಗದ ಬದಲಾದರೆ ಪುಸ್ತಕದ ಬೆನ್ನಿನ ದಪ್ಪ ಬದಲಾಗುತ್ತದೆ. 160 ಪುಟ ಅಂದರೆ 80 ಹಾಳೆ. ಸಾಮಾನ್ಯವಾಗಿ ಬಳಸುವ 70 ಜಿಎಸ್ಎಂ ಮ್ಯಾಪ್ಲಿಥೋ ಕಾಗದದಲ್ಲಿ ಅದು ಎಂಟು ಮಿಲಿಮೀಟರ್ ಆಸುಪಾಸು. ಎರಡು ಮಿಲಿಮೀಟರ್ ತಪ್ಪಿದರೂ ಬೆನ್ನಿನ ಮೇಲಿನ ಹೆಸರು ಮುಖಪುಟಕ್ಕೆ ಜಾರುತ್ತದೆ.

ಗ್ರಂಥಾಲಯ ಇಲಾಖೆಯ ಖರೀದಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಒಂದು ಮಾತು. ಅಲ್ಲಿ ಆಯ್ಕೆಯಾದರೆ ಒಮ್ಮೆಗೆ ನೂರಾರು ಪ್ರತಿ ಕೊಡಬೇಕು, ಬೆಲೆ ಪುಟದ ಲೆಕ್ಕದಲ್ಲಿ ಸಿಗುತ್ತದೆ. ಬೇಡಿಕೆಯ ಅಚ್ಚಿನ ಖರ್ಚಿಗೆ ಅದು ಹೊಂದುವುದಿಲ್ಲ. ಆಯ್ಕೆ ಖಚಿತವಾದ ಮೇಲೆ ಆಫ್‌ಸೆಟ್‌ಗೆ ಹೋಗಿ, ಆಗ ಅದೇ ಸರಿ. ಆಯ್ಕೆಯಾಗಬಹುದು ಎಂಬ ನಂಬಿಕೆಯ ಮೇಲೆ ಸುಮ್ನೆ ಸಾವಿರ ಪ್ರತಿ ಹಾಕಿಸಬೇಡಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹ ಧನವೂ ಇದೆ. ಅಚ್ಚಿಗೆ ಕೊಡುವ ಮುಂಚೆ ಅದರ ಪ್ರಕಟಣೆ ನೋಡಿಕೊಳ್ಳಿ.

ಮನೆಯಿಂದಲೇ ಕಳಿಸುತ್ತೇವೆ ಎನ್ನುವವರಿಗೆ ಅಂಚೆ ಇಲಾಖೆ 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಶುರು ಮಾಡಿದೆ. 300 ಗ್ರಾಂ ವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ ಎಂದು ಶುರುವಾದದ್ದು. ಎಲ್ಲಿಗೆ ತಲುಪಿತು ಎಂದು ನೋಡಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಆ ಪುಟ ಬಿಡಬೇಡಿ. 160 ಪುಟದ ಒಂದು ಡೆಮಿ ಪುಸ್ತಕ 300 ಗ್ರಾಂ ಒಳಗೇ ಬರುತ್ತದೆ. ಊರಿನ ಆಚೆಗಿನ ಓದುಗರು ಇಪ್ಪತ್ತು ಮೂವತ್ತು ಮಂದಿ ಮಾತ್ರ ಇದ್ದರೆ ಡಿಜಿಟಲ್‌ನಲ್ಲಿ ಮಾಡಿಸಿದ ಪ್ರತಿಯನ್ನೇ ಹೀಗೆ ಕಳಿಸುವುದು ಬೇಡಿಕೆಯ ಅಚ್ಚಿಗಿಂತ ಅಗ್ಗ. ಮಳೆಗಾಲದಲ್ಲಿ ಕಳಿಸುವಾಗ ಮೊದಲು ಪ್ಲಾಸ್ಟಿಕ್, ಆಮೇಲೆ ರಟ್ಟು.

ಅಕ್ಕೋರ ಪಟ್ಟಿಗೆ ಬರುತ್ತೇನೆ. ಒಂದು ವಾರ ಬಿಟ್ಟು ಮತ್ತೆ ಬಂದರು. ಹಾಳೆಯ ಎರಡೂ ಬದಿ ತುಂಬಿತ್ತು. ಕುಮಟಾ, ಹೊನ್ನಾವರ, ಶಿರಸಿ ಸೇರಿ 118 ಹೆಸರು. ಹೊರಗಿನ ಊರಿನವರು 60ಕ್ಕೂ ಹೆಚ್ಚು, ಅವರಲ್ಲಿ ಹಲವರ ವಿಳಾಸ ಗೊತ್ತಿಲ್ಲ, ಹೆಸರಿನ ಮುಂದೆ "ಬೆಂಗಳೂರು ಇರವು" (ಇರಬೇಕು) ಎಂದಷ್ಟೇ ಬರೆದಿದ್ದರು. ನಾವು ಡಿಜಿಟಲ್‌ನಲ್ಲಿ 150 ಪ್ರತಿ ಮಾಡಿಸುವುದು, ಅದೇ ಫೈಲನ್ನು ಬೇಡಿಕೆಯ ಅಚ್ಚಿಗೂ ಏರಿಸುವುದು ಎಂದು ತೀರ್ಮಾನ ಮಾಡಿದೆವು. ಐಎಸ್‌ಬಿಎನ್ ಸಂಖ್ಯೆ ಅವರ ಹೆಸರಿನಲ್ಲೇ ತೆಗೆದೆವು. ಮಾದರಿ ಪ್ರತಿ ಬಂದ ದಿನ ಅವರು ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಅಂಗಡಿಯಲ್ಲೇ ಕುಳಿತು ಓದಿದರು. ಎರಡು ಕಡೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಪುಸ್ತಕವನ್ನು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.